ಪಿಸ್ಟನ್ ರಿಂಗೂ ಪಕ್ಕದ ಮನೆಯ ಪಿಂಡವೂ

"ಈ ಇಂಜಿನ್ನನ್ನು ನಾನೇ ಬಿಚ್ಚಿ, ನಾನೇ ಉಜ್ಜಿ, ನಾನೇ ಓಡಿಸುತ್ತೇನೆ!" ಎಂದು ಭಾನುವಾರ ಬೆಳಿಗ್ಗೆ ಘೋಷಿಸಿದೆ. ಕುಕ್ಕುಂದೂರಿನ ನಮ್ಮ ಅಂಗಳಕ್ಕೆ ತೋಡಿನ ನೀರು ನುಗ್ಗಿದ ವಾರ ಅದು. ನನ್ನ ಹೆಂಡತಿ ನಳಿನಾಕ್ಷಿ ನಿಟ್ಟೆಯ ಶಾಲೆಗೆ ಪಾಠ ಮಾಡಲು ಹೋಗುವ ಹಳೇ ಸ್ಕೂಟರ್ ಹ್ಯಾಂಡಲ್ ತನಕ ಮುಳುಗಿತ್ತು.

"ಓಸ್ವಾಲ್ಡರ ಗ್ಯಾರೇಜಿಗೆ ಕೊಡಿ ಮಾರಾಯ್ರೆ. ನಾಳೆ ಮಕ್ಕಳಿಗೆ ಪರೀಕ್ಷೆ ಉಂಟು, ನಾನು ಹೋಗ್ಲೇಬೇಕು!"

"ಓಸ್ವಾಲ್ಡನಿಗೇನು ಎರಡು ಕೊಂಬು ಉಂಟಾ?"

ಬಿಚ್ಚಿದರೆ ಒಳಗೆಲ್ಲ ತುಕ್ಕು! ಪಿಸ್ಟನ್ ರಿಂಗುಗಳನ್ನು ಹಲ್ಲು ಚುಳ್ಳೆನ್ನುವಷ್ಟು ಹುಳಿಯ ಬಿಂಬುಳಿ ಕಾಯಿಯ ರಸದಲ್ಲಿ ಮುಳುಗಿಸಿಟ್ಟೆ.

"ಅಯ್ಯಯ್ಯೋ, ಇದೆಂತ? ನಾನು ಪಾಯಸ ಮಾಡುವ ಉರುಳಿ ಅಲ್ವಾ ಇದು!"

ಪಾಯಸ ಯಾರಿಗೆ ಬೇಕು? ತುಕ್ಕು ಬಿಟ್ಟು ರಿಂಗುಗಳು ಬೆಳ್ಳಿ ಬಳೆಗಳ ಹಾಗೆ ಹೊಳೆದವು. ತೆಂಗಿನೆಣ್ಣೆ ಸವರಿ, ಬಾಳೆಲೆಯ ಮೇಲೆ ಜೋಡಿಸಿ, ಕಾಂಪೌಂಡು ಗೋಡೆಯ ಮೇಲೆ ಬಿಸಿಲಿಗಿಟ್ಟೆ.

ಗೋಡೆಯಾಚೆ ರಘುಪತಿ ರಾಯರು ತಮ್ಮ ತಂದೆಯ ಶ್ರಾದ್ಧದ ಪಿಂಡವನ್ನು ಇನ್ನೊಂದು ಬಾಳೆಲೆಯಲ್ಲಿಟ್ಟು "ಕಾ, ಕಾ" ಎಂದು ಕರೆಯುತ್ತಿದ್ದರು. ಕಾಗೆ ಮುಟ್ಟದೆ ಯಾರಿಗೂ ಊಟವಿಲ್ಲ. ಅದು ಮುಟ್ಟದಿದ್ದರೆ ಹೋದವರ ಆಸೆ ಯಾವುದೋ ಬಾಕಿ ಉಳಿದಿದೆಯೆಂದೇ ಲೆಕ್ಕ; ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಜಗಲಿ ತುಂಬ ಹಸಿದ ನೆಂಟರು.

ಬಂತು ಕಾಗೆ! ಪಿಂಡವನ್ನು ಓರೆಗಣ್ಣಿನಲ್ಲಿ ನೋಡಿತು. ನೇರ ನನ್ನ ಎಲೆಗೆ ಹಾರಿ, ಒಂದು ರಿಂಗನ್ನು ಕಚ್ಚಿಕೊಂಡು ಹಲಸಿನ ಮರ ಏರಿತು!

ರಾಯರ ಮುಖ ಬಿಳಿಚಿಕೊಂಡಿತು.

"ಆ ಸ್ಕೂಟರ್ ನೀವು ನಮ್ಮ ಅಪ್ಪನಿಂದ ತಗೊಂಡದ್ದಲ್ವಾ?" ಎಂದು ರಾಯರು ತೊದಲಿದರು. "ಬದುಕಿದ್ದಾಗ ಅದರ ಒಂದು ಸ್ಕ್ರೂ ಮುಟ್ಟಲಿಕ್ಕೂ ನಮ್ಮನ್ನು ಬಿಡ್ತಿರಲಿಲ್ಲ ಅವರು!"

ನೆಂಟರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು.

"ಅದು ಬರೀ ಕಾಗೆ ಮಾರಾಯ್ರೆ!" ಎಂದೆ.

"ಕಾಗೆಯೋ ಅಜ್ಜಯ್ಯನೋ, ಮೊದಲು ಮಾತು ಕೊಡಿ!" ನಳಿನಾಕ್ಷಿ ಗದರಿದಳು. "ಪಾಪ, ಅವರಿಗೆಲ್ಲ ಹಸಿವೆ ಉಂಟು."

ವಿಜ್ಞಾನದ ಪದವೀಧರನಾದ ನಾನು ಎಣ್ಣೆ ಮೆತ್ತಿದ ಎರಡೂ ಕೈ ಜೋಡಿಸಿ ಹಲಸಿನ ಮರದ ಕಡೆ ತಿರುಗಿದೆ. "ಅಜ್ಜಯ್ಯ, ಇನ್ನು ನಾನು ಇಂಜಿನ್ ಮುಟ್ಟುವುದಿಲ್ಲ. ಓಸ್ವಾಲ್ಡನಿಗೇ ಕೊಡ್ತೇನೆ!"

"ಕಾ!" ಎಂದಿತು ಕಾಗೆ. ಬಾಯಿ ತೆರೆದದ್ದೇ ತಡ, ರಿಂಗ್ ಕೆಳಗೆ! ಕಾಗೆ ಸೀದಾ ಹೋಗಿ ಪಿಂಡಕ್ಕೆ ಬಾಯಿ ಹಾಕಿತು. ರಾಯರು ಕಣ್ಣೊರೆಸಿಕೊಂಡರು, ನೆಂಟರು ಊಟದ ಎಲೆಗಳತ್ತ ಓಡಿದರು, ನಾನು ರಿಂಗ್ ಹೆಕ್ಕಲು ಓಡಿದೆ.

ಅದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಎರಡು ತುಂಡಾಗಿತ್ತು. ನನ್ನ ಮಾತಿನ ಮೇಲೆ ಅಜ್ಜಯ್ಯನಿಗೆ ಅಷ್ಟೇನೂ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ!