ಮಾಳಿಗೆಯ ಮೇಲೆ ನಾನು, ಅಡುಗೆಮನೆಯಲ್ಲಿ ನನ್ನ ಕಾಲು

ಕಟ್ಟಡಗಳು ಕಣ್ಣು ಮುಚ್ಚುವುದಿಲ್ಲ. ನಾನು ಅವುಗಳ ಫೋಟೋ ತೆಗೆಯಲು ಹೊರಟಿದ್ದಕ್ಕೆ ಇದೊಂದೇ ಕಾರಣ. ಜನ ಮಾತ್ರ ಕಲೆ, ಇತಿಹಾಸ, ಪರಂಪರೆ ಎಂದೆಲ್ಲ ಊಹಿಸಿಕೊಂಡು ಗೌರವ ಕೊಡುತ್ತಾರೆ. ನಾನೂ ಬೇಡ ಎನ್ನುವುದಿಲ್ಲ. ಇಪ್ಪತ್ತು ವರ್ಷದಿಂದ ಚಿತ್ರದುರ್ಗದಲ್ಲಿ ಮದುವೆ, ಗೃಹಪ್ರವೇಶ, ನಾಮಕರಣಗಳ ಫೋಟೋ ತೆಗೆದು ಹೊಟ್ಟೆ ಹೊರೆದವನು ನಾನು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವ ಮದುಮಗ, ಬಲಗಡೆಯಿಂದ ತೆಗೆದರೆ ದಪ್ಪ ಕಾಣುತ್ತೇನೆ ಎನ್ನುವ ಸೋದರತ್ತೆ, ಆಲ್ಬಮ್ ತೆರೆದು ತಮ್ಮ ಮುಖ ಎಷ್ಟು ಸಲ ಬಂದಿದೆ ಎಂದು ಎಣಿಸುವ ಬೀಗರು, ಇವರೆಲ್ಲರ ನಡುವೆ ನನ್ನ ಕೂದಲು ನೆರೆಯಿತು. ಕಂಬ ಹಾಗಲ್ಲ. ನಿಲ್ಲಿಸಿದ ಕಡೆ ನಿಲ್ಲುತ್ತದೆ. ಎಡ, ಬಲ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಆಲ್ಬಮ್ ಯಾವಾಗ ಕೊಡುತ್ತೀರಿ ಎಂದು ಕೇಳುವುದಿಲ್ಲ.

ಹಾಗಾಗಿ ಬೆಂಗಳೂರಿನ ಆರ್ಕಿಟೆಕ್ಟ್ ಮೇಡಂ ಒಬ್ಬರು ಫೋನ್ ಮಾಡಿ, ನಮ್ಮ ಸೀಮೆಯ ಹಳೆಯ ಮನೆ, ಗುಡಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ, ಚಿತ್ರಗಳನ್ನು ನೀವು ತೆಗೆದುಕೊಡಬೇಕು ಎಂದಾಗ ನನಗೆ ಬೇಡದೆಯೇ ವರ ಸಿಕ್ಕಂತಾಯಿತು. ಅವರದ್ದು ಒಂದೇ ಷರತ್ತು. "ಚಿತ್ರದಲ್ಲಿ ಜನ ಇರಬಾರದು. ಜನ ಇದ್ದರೆ ನೋಡುವವರ ಕಣ್ಣೆಲ್ಲ ಅವರ ಮೇಲೇ ಹೋಗುತ್ತದೆ, ಕಟ್ಟಡ ಹಿಂದೆ ಬೀಳುತ್ತದೆ" ಎಂದರು. ನನಗೂ ಅದೇ ಬೇಕಾಗಿತ್ತು ಮೇಡಂ ಎಂದು ಒಪ್ಪಿಕೊಂಡೆ.

ನಮ್ಮ ಕಡೆ ಜನರಿಲ್ಲದ ಕಟ್ಟಡ ಸಿಗುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಹಿರಿಯೂರಿನ ಹಳೆಯ ಗುಡಿಯೊಂದರ ಚಾವಣಿಯ ಮೇಲೆ ಬಣ್ಣದ ಚಿತ್ರಗಳಿವೆ. ಅವು ನೆಟ್ಟಗೆ ಬರಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ಮಲಗಿ, ಕ್ಯಾಮೆರಾವನ್ನು ಎದೆಯ ಮೇಲಿಟ್ಟುಕೊಂಡು, ಅಲುಗಬಾರದೆಂದು ಉಸಿರು ಬಿಗಿಹಿಡಿದೆ. ಮುಖದ ಮೇಲೆ ತಣ್ಣಗೆ ನೀರು ಬಿತ್ತು. ನೋಡಿದರೆ ಒಬ್ಬ ಅಜ್ಜಿ ತಂಬಿಗೆ ಹಿಡಿದು ನಿಂತಿದ್ದರು. "ಏನಪ್ಪ, ಬಿಸ್ಲಿಗೆ ತಲೆ ತಿರುಗ್ತಾ" ಎಂದು ಕೇಳಿದರು. ಇಲ್ಲಜ್ಜಿ, ಕೆಲಸ ಮಾಡುತ್ತಿದ್ದೇನೆ ಎಂದೆ. "ಮಲಿಕ್ಕಂಡು ಮಾಡೋ ಕೆಲ್ಸನೂ ಐತಾ" ಎಂದು ಅಚ್ಚರಿಪಟ್ಟು, ಮಡಿಲಿನಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟು ಹೋದರು. ಲೆನ್ಸ್ ಒರೆಸಿಕೊಂಡು ಹಣ್ಣು ತಿಂದೆ.

ಹೊಳಲ್ಕೆರೆಯಲ್ಲಿ ಆದದ್ದು ಇನ್ನೊಂದು ಬಗೆ. ಅಲ್ಲಿನ ಒಂದು ಮನೆಯಲ್ಲಿ ತೇಗದ ಬಾಗಿಲು, ಅದರ ಚೌಕಟ್ಟಿನ ತುಂಬ ಗಿಳಿ, ಬಳ್ಳಿಗಳ ಕೆತ್ತನೆ. ನೂರು ವರ್ಷದ ಎಣ್ಣೆ, ಅರಿಶಿನ, ಕೈಬೆವರು ಸೇರಿ ಮರಕ್ಕೆ ಎಂಥ ಬಣ್ಣ ಬಂದಿತ್ತು ಎಂದರೆ ನಾನು ಬಾಗಿಲ ಮುಂದೆ ಸುಮ್ಮನೆ ನಿಂತುಬಿಟ್ಟೆ. ಬೆಳಕು ಸರಿಯಿರಲಿಲ್ಲ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಮನೆಯವರಿಗೆ ಹೇಳಿ ಬಂದೆ. ಮರುದಿನ ಹೋಗುವಷ್ಟರಲ್ಲಿ ಬಾಗಿಲು ಪಳಪಳ ಹೊಳೆಯುವ ನೀಲಿಯಾಗಿತ್ತು. ಗಿಳಿಗಳಿಗೆ ಮಾತ್ರ ಹಸಿರು. "ಪುಸ್ತಕದಾಗೆ ಬತ್ತೈತೆ ಅಂದ್ರಲ್ಲ, ಹಂಗೇ ಬಿಟ್ರೆ ಚೆಂದಾಗಿರಲ್ಲ ಅಂತ ಪೇಂಟ್ ಹೊಡಿಸಿದ್ವಿ. ಮುಟ್ಟಬ್ಯಾಡ್ರಿ, ಇನ್ನೂ ಹಸಿ ಐತೆ" ಎಂದು ಯಜಮಾನರು ಹೆಮ್ಮೆಯಿಂದ ಹೇಳಿದರು. ನನ್ನ ಒಂದು ಮಾತಿಗೆ ಅಷ್ಟು ಆಸ್ಥೆ ವಹಿಸಿದವರ ಮುಂದೆ ಅಳುವುದು ಹೇಗೆ. ಆ ನೀಲಿ ಬಾಗಿಲಿನ ಫೋಟೋವನ್ನೇ ಹನ್ನೆರಡು ತೆಗೆದೆ.

ಇಷ್ಟೆಲ್ಲ ಆದ ಮೇಲೆ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಹತ್ತಿರ ತಿಪ್ಪೇಸ್ವಾಮಿಯವರ ಮನೆ ಸಿಕ್ಕಿತು. ಹೇಳಿದವಳು ನನ್ನ ಹೆಂಡತಿ ಶಾರದ. ಅವಳು ಭೀಮಸಮುದ್ರದ ಶಾಲೆಯಲ್ಲಿ ಟೀಚರು. ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ಹೋಗಿ ಬರುವವಳಿಗೆ ಗೊತ್ತಿಲ್ಲದ ಸಂಗತಿ ಜಿಲ್ಲೆಯಲ್ಲಿ ಕಡಿಮೆ. "ನಮ್ಮ ಸ್ಟಾಫಿನೋರೊಬ್ರ ನೆಂಟರ ಮನೆ. ಹನ್ನೆರಡಂಕಣದ ಮಾಳಿಗೆ ಮನೆಯಂತೆ, ಒಂದು ಕಂಬನೂ ಅಲ್ಲಾಡಿಲ್ಲವಂತೆ. ನೀವು ಹೋಗಿ ಏನೂ ಅಲ್ಲಾಡಿಸಬೇಡಿ" ಎಂದಿದ್ದಳು. ಇಪ್ಪತ್ತು ವರ್ಷ ಜೊತೆಗೆ ಬದುಕಿದವಳ ಎಚ್ಚರಿಕೆಯನ್ನು ನಾನು ತಮಾಷೆ ಎಂದುಕೊಂಡೆ.

ಮಾಳಿಗೆ ಮನೆ ಎಂದರೆ ಹೆಂಚಿಲ್ಲದ, ಕಾಂಕ್ರೀಟಿಲ್ಲದ, ಮಣ್ಣಿನ ಮಟ್ಟಸ ಚಾವಣಿಯ ಮನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ, ಸೊಪ್ಪು ಹರಡಿ ಮೊಳ ದಪ್ಪ ಮಣ್ಣು ಹಾಕಿ ಮೆಟ್ಟಿರುತ್ತಾರೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಸಾಕು, ಮೈ ತಣ್ಣಗಾಗುತ್ತದೆ. ತಿಪ್ಪೇಸ್ವಾಮಿಯವರದ್ದು ಕುರಿ ಸಾಕುವ, ಹೊಲ ಮಾಡುವ ಮನೆತನ. ಆತನಿಗೆ ಐವತ್ತೈದಿರಬಹುದು, ಹೆಗಲ ಮೇಲೆ ಕಂಬಳಿ, ಮಾತು ಕಡಿಮೆ. ಹೆಂಡತಿ ಗಂಗಮ್ಮ ಆತನ ಪಾಲಿನದ್ದನ್ನೂ ಸೇರಿಸಿ ಮಾತಾಡುವವರು. "ಬರ್ರಿ ಅಣ್ಣ, ಕುಂತ್ಕಳ್ರಿ. ಮನೆ ಎಲ್ಲೂ ಓಡಿಹೋಗಲ್ಲ, ಮೊದ್ಲು ಮಜ್ಜಿಗೆ ಕುಡೀರಿ" ಎಂದು ಉಪಚರಿಸಿದರು. ಮಾತಿನ ನಡುನಡುವೆ ಕೆಮ್ಮುತ್ತಿದ್ದರು. ಕಣ್ಣು ಕೆಂಪಗಿದ್ದವು.

ಪಡಸಾಲೆ, ಕಂಬ, ಕಂಬಗಳ ನಡುವೆ ಕುರಿಮರಿ ಕಟ್ಟುವ ಅಂಕಣ ಎಲ್ಲ ಚೆನ್ನಾಗಿ ಬಂದವು. ಕುರಿಮರಿಗಳನ್ನು ಜನರ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬ ಅನುಮಾನ ಬಂದು ಅವಿದ್ದಂತೆ ಒಂದು, ಇಲ್ಲದಂತೆ ಒಂದು ತೆಗೆದೆ. ಅಡುಗೆಮನೆಯಲ್ಲಿ ಮಾತ್ರ ಆಗಲಿಲ್ಲ. ಒಳಗೆ ಸೌದೆ ಒಲೆ ಉರಿಯುತ್ತಿತ್ತು, ಹೊಗೆ ಮುಖಕ್ಕೆ ಬಡಿಯಿತು, ಗಂಗಮ್ಮನ ಬಳೆ ಸದ್ದು ಬಿಟ್ಟರೆ ಅಲ್ಲಿ ಏನಿದೆ ಎಂದೇ ತಿಳಿಯಲಿಲ್ಲ. ಹೊರಬಂದು, ಮಾಳಿಗೆ ಹತ್ತಿ ಮೇಲಿನಿಂದ ಮನೆಯ ವಿಸ್ತಾರ ತೆಗೆಯಬಹುದೇ ಎಂದು ಕೇಳಿದೆ. ತಿಪ್ಪೇಸ್ವಾಮಿ ಏಣಿ ಹಾಕಿಕೊಟ್ಟು ತಾವೂ ಹತ್ತಿದರು. "ಸಾರ್, ತೊಲೆ ಇರೋ ನೇರಕ್ಕೆ ನಡೀರಿ. ಆ ಮೂಲೆ ಕಡೆ ಹೋಗಬ್ಯಾಡ್ರಿ, ಗೆದ್ಲು ಹಿಡಿದೈತೆ" ಎಂದರು. ಅಲ್ಲಿಯವರೆಗೆ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ನಾನು ಹೂಂ ಎಂದೆ.

ಫೋಟೋಗ್ರಾಫರನ ಹೂಂ ನಂಬಬಾರದು. ಕಣ್ಣು ಕ್ಯಾಮೆರಾಕ್ಕೆ ಅಂಟಿದ ಮೇಲೆ ಅವನಿಗೆ ಕಿವಿ ಇರುವುದಿಲ್ಲ. ದೂರದ ಗುಡ್ಡದ ಮೇಲಿನ ಗಾಳಿಯಂತ್ರವೊಂದು ಚಿತ್ರದ ಅಂಚಿನಲ್ಲಿ ಬಂದು ಕೈ ಬೀಸುತ್ತಿತ್ತು. ಅದನ್ನು ತಪ್ಪಿಸಲು ಒಂದು ಹೆಜ್ಜೆ ಹಿಂದೆ ಸರಿದೆ. ಇನ್ನೂ ಅದರ ಒಂದು ರೆಕ್ಕೆ ಉಳಿದಿತ್ತು. ಇನ್ನೊಂದು ಹೆಜ್ಜೆ ಸರಿದೆ. ರೆಕ್ಕೆ ಹೋಯಿತು, ಜೊತೆಗೆ ನಾನೂ ಹೋದೆ. ಎಡಗಾಲು ತೊಡೆಯವರೆಗೂ ಮಾಳಿಗೆಯೊಳಗೆ ಇಳಿಯಿತು, ಬಲಗಾಲು ಮೇಲೆ ಮಡಚಿಕೊಂಡಿತು, ಎರಡು ಕೈಗಳು ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದವು. ಕೆಳಗೆ ಪಾತ್ರೆ ಉರುಳಿದ ಸದ್ದು. ಆಮೇಲೆ ಗಂಗಮ್ಮನ ದನಿ, ನಿಧಾನವಾಗಿ, ಸ್ಪಷ್ಟವಾಗಿ. "ಏನ್ರೀ, ಇಲ್ಲೊಂದು ಕಾಲು ಬಂದೈತೆ."

ತಿಪ್ಪೇಸ್ವಾಮಿ ಓಡಿ ಬಂದು ನನ್ನ ಕಂಕುಳಿಗೆ ಕೈಹಾಕಿದರು. ಎಳೆದರೆ ಸುತ್ತಲಿನ ಮಣ್ಣು ಇನ್ನಷ್ಟು ಜರಿಯಿತು. "ಅಲ್ಲಾಡಬ್ಯಾಡ್ರಿ, ಹಲಗೆ ತರ್ತೀನಿ" ಎಂದು ಏಣಿ ಇಳಿದು ಹೋದರು. ಮಾಳಿಗೆಯ ಮೇಲೆ ನಾನೊಬ್ಬನೇ. ಆಗ ಕೆಳಗಿನ ಕಾಲಿನಲ್ಲಿ ಏನೋ ಸಂಚಾರವಾಯಿತು. ಯಾರೋ ನನ್ನ ಬೂಟಿನ ಲೇಸು ಬಿಚ್ಚುತ್ತಿದ್ದರು. "ಅಕ್ಕ, ಏನು ಮಾಡ್ತಿದ್ದೀರಿ" ಎಂದು ಮಣ್ಣಿನೊಳಕ್ಕೆ ಕೂಗಿದೆ. "ಬೂಟು ತೆಗಿತಿದೀನಿ ಅಣ್ಣ. ಒಲೆ ಐತೆ ಇಲ್ಲಿ. ಅಡಿಗೆ ಮನೆಗೆ ಬೂಟು ಹಾಕ್ಕಂಡು ಬರ್ತಾರಾ" ಎಂಬ ಉತ್ತರ ಬಂತು. ಬಂದ ದಾರಿಯ ಬಗ್ಗೆ ಅವರದ್ದೇನೂ ತಕರಾರಿರಲಿಲ್ಲ. ಬೂಟಿನ ಹಿಂದೆ ಕಾಲುಚೀಲವೂ ಹೋಯಿತು. ಆಮೇಲೆ ಬೆಚ್ಚಗಿನ ನೀರು, ಅದರ ಹಿಂದೆ ಉರಿ. ಜಂತೆಗೆ ತರಚಿದ ಮೊಣಕಾಲಿನ ಕೆಳಗೆ ಅರಿಶಿನ ಹಚ್ಚುತ್ತಿದ್ದರು. ಮಣೆಯ ಮೇಲೆ ನಿಂತಿದ್ದರೋ, ಒರಳಿನ ಮೇಲೆ ನಿಂತಿದ್ದರೋ, ನನಗೆ ಕಾಣಲಿಲ್ಲ. ಕಾಣದ ಕೈಯೊಂದು ನನ್ನ ಕಾಲನ್ನು ಅಷ್ಟು ಮೆತ್ತಗೆ ತೊಳೆದದ್ದು ನಾನು ಮಗುವಾಗಿದ್ದಾಗಲೇ ಕೊನೆ.

ಹಲಗೆ ಬರುವಷ್ಟರಲ್ಲಿ ಪಕ್ಕದ ಮಾಳಿಗೆಗಳ ಮೇಲೆ ಏಳೆಂಟು ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ನಾನು ಫೋಟೋದ ಒಳಗೆ ಸಿಕ್ಕಿಕೊಂಡಿದ್ದೆ. "ಸಾರ್, ಈ ಕಡೆ ನೋಡ್ರಿ" ಎಂದು ಒಬ್ಬರು ಕೇಳಿದರು. ನೋಡಿದೆ. ಅಡುಗೆಮನೆಯಲ್ಲಿ ಜೋಲುತ್ತಿದ್ದ ಕಾಲನ್ನೂ, ಕೆಳಗೆ ಬಿಚ್ಚಿಟ್ಟಿದ್ದ ಬೂಟು, ಕಾಲುಚೀಲವನ್ನೂ ಯಾರೋ ಒಳಗೆ ಹೋಗಿ ಬೇರೆಯಾಗಿ ತೆಗೆದರಂತೆ. ಎರಡೂ ಫೋಟೋಗಳು ನಾನು ಮಾಳಿಗೆಯಿಂದ ಇಳಿಯುವ ಮೊದಲೇ ಅವಳ ಸ್ಟಾಫಿನವರ ಮೊಬೈಲಿನ ಮೂಲಕ ಶಾರದಳನ್ನು ತಲುಪಿದ್ದವು.

ನನ್ನನ್ನು ಎಳೆದು ಹೊರತೆಗೆದ ಮೇಲೆ ತಿಪ್ಪೇಸ್ವಾಮಿ ಆ ತೂತಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನನ್ನ ನೋವೆಲ್ಲ ಆಗ ಕಾಲಿನಿಂದ ಎದೆಗೆ ಬಂತು. "ನಮ್ಮಪ್ಪ ಮೆಟ್ಟಿದ್ದ ಮಣ್ಣು ಸಾರ್ ಇದು" ಎಂದರು. ಒಂದು ಹೆಂಟೆಯನ್ನು ಕೈಯಲ್ಲಿ ಪುಡಿಮಾಡಿದರು. ಮಳೆಗಾಲ ತಿಂಗಳೊಪ್ಪತ್ತಿನಲ್ಲಿತ್ತು. ಅಪ್ಪ ಕಟ್ಟಿದ್ದನ್ನು ಯಾರೋ ಪರವೂರಿನವನು ಬಂದು ಒಂದು ಗಾಳಿಯಂತ್ರದ ರೆಕ್ಕೆಗಾಗಿ ತೂತು ಮಾಡಿದ್ದ. ಬೈಯಲಿ ಎಂದು ಕಾದೆ. ತಪ್ಪಾಯಿತು, ನಾನೇ ನಿಂತು ರಿಪೇರಿ ಮಾಡಿಸುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ಮಣ್ಣು ತಾನೆ, ಕೆಳಗೆ ಬಿದ್ದೈತೆ. ಎತ್ತಿ ಮ್ಯಾಲಕ್ಕೆ ಹಾಕಾಣ. ನಿಮ್ಮ ಕಾಲು ಮುರಿದಿದ್ರೆ ಏನ್ ಹಾಕ್ತಿದ್ವಿ."

ಹಾಕಾಣ ಎಂದದ್ದು ಕೆಳಗೆ ಗಂಗಮ್ಮನಿಗೆ ಕೇಳಿಸಿತು. "ಯಾರೂ ಏನೂ ಹಾಕಂಗಿಲ್ಲ. ಇಳಿದು ಬಂದು ನೋಡ್ರಿ ಇಲ್ಲಿ" ಎಂದು ಕೂಗಿದರು.

ಇಬ್ಬರೂ ಇಳಿದು, ನಾನು ಕುಂಟುತ್ತ, ಅಡುಗೆಮನೆಗೆ ಹೋದೆವು. ಅಲ್ಲಿ ಹೊಗೆ ಇರಲಿಲ್ಲ. ಒಲೆ ಉರಿಯುತ್ತಲೇ ಇತ್ತು, ಆದರೆ ಹೊಗೆ ಗೊತ್ತಿರುವ ದಾರಿ ಹಿಡಿದಂತೆ ನೆಟ್ಟಗೆ ಮೇಲೆದ್ದು ನನ್ನ ತೂತಿನಿಂದ ಹೊರಹೋಗುತ್ತಿತ್ತು. ಅದೇ ದಾರಿಯಲ್ಲಿ ಬಿಸಿಲು ಕೋಲಾಗಿ ಇಳಿದು ಒಲೆಯ ಪಕ್ಕ ಬಿದ್ದಿತ್ತು. ಕರಿಹಿಡಿದ ಗೋಡೆಯಲ್ಲಿ ಸಾಲಾಗಿ ಜೋಡಿಸಿದ ಮಡಕೆಗಳು, ಗೂಡಿನಲ್ಲಿ ಒಂದು ಹಿತ್ತಾಳೆ ಚೊಂಬು, ಮುದ್ದೆ ತಿರುವುವ ಕೋಲು, ಎಲ್ಲವೂ ಕಾಣುತ್ತಿದ್ದವು. "ಹೊಗೆ ಹೋಗಾಕೆ ಒಂದು ಗವಾಕ್ಷಿ ಬಿಡಿಸ್ರಿ ಅಂತ ಮದುವಿ ಆಗಿ ಬಂದಾಗಿಂದ ಹೇಳ್ತಿದೀನಿ. ಅಪ್ಪ ಮೆಟ್ಟಿದ ಮಣ್ಣಿಗೆ ಕೈ ಹಾಕಂಗಿಲ್ಲ ಅಂತಿದ್ರಿ. ಈಗ ನೀವೂ ಕೈ ಹಾಕಿಲ್ಲ, ನಾನೂ ಹಾಕಿಲ್ಲ" ಎಂದು ಗಂಗಮ್ಮ ಗಂಡನಿಗೆ ಹೇಳಿದರು.

"ಮಳೆ ಬಂದ್ರೆ ಏನ್ ಮಾಡ್ತೀಯ" ಎಂದರು ತಿಪ್ಪೇಸ್ವಾಮಿ.

"ಮಳೆ ಬಂದಾಗ ನೋಡಾಣ. ಹೊಗೆ ದಿನಾ ಬತ್ತೈತೆ."

ತಿಪ್ಪೇಸ್ವಾಮಿ ಮೇಲೆ ನೋಡಿದರು, ಹೆಂಡತಿಯ ಕಣ್ಣು ನೋಡಿದರು, ಮತ್ತೆ ಮೇಲೆ ನೋಡಿದರು. "ಕೈ ಅಲ್ಲ, ಕಾಲು" ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಹೊಗೆಗಂತೂ ಅಲ್ಲ. ನಾನು ಕ್ಯಾಮೆರಾ ಎತ್ತಿದೆ. ಮೇಡಂ ಹೇಳಿದ ಷರತ್ತು ನೆನಪಿತ್ತು, ಆದರೂ ಗಂಗಮ್ಮನಿಗೆ ಪಕ್ಕಕ್ಕೆ ಸರಿಯಿರಿ ಎನ್ನಲು ಬಾಯಿ ಬರಲಿಲ್ಲ. ಬಿಸಿಲುಕೋಲಿನ ಪಕ್ಕ ಅವರು ತಲೆಯೆತ್ತಿ ನೋಡುತ್ತ ನಿಂತಿದ್ದನ್ನು ಹಾಗೆಯೇ ತೆಗೆದೆ.

ಮಣ್ಣು ಬಿದ್ದ ಮುದ್ದೆ ಎಮ್ಮೆಗೆ ಹೋಯಿತು. ನನಗಾಗಿ ಹೊಸ ಎಸರು ಇಟ್ಟರು. ಕಾಲು ನೀಡಿಕೊಂಡು ಕೂತು, ಹುರುಳಿ ಸಾರಿನಲ್ಲಿ ಎರಡು ಮುದ್ದೆ ಉಂಡೆ. ಮನೆಯ ಮಾಳಿಗೆ ಮುರಿದವನಿಗೆ ತುಪ್ಪ ಬಡಿಸುವ ಜನ ಇನ್ನೂ ಇದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸಂಜೆ ಮನೆಗೆ ಹೋದಾಗ ಶಾರದ ಬಾಗಿಲಲ್ಲೇ ನಿಂತಿದ್ದಳು. ಗಾಯ ನೋಡಿ, ಅರಿಶಿನ ಹಚ್ಚಿದವರು ಪುಣ್ಯಾತ್ಗಿತ್ತಿ ಎಂದಳು. ಆಮೇಲೆ, "ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತಲ್ರಿ, ಅದನ್ನೇ ಹಾಕ್ಕೊಂಡು ಹೋಗಿದ್ರಾ. ನಮ್ಮ ಸ್ಟಾಫ್ ರೂಮಲ್ಲೆಲ್ಲ ನೋಡಿದ್ರು" ಎಂದಳು.

ಎರಡು ವಾರ ಬಿಟ್ಟು ಹೋದಾಗ ತಿಪ್ಪೇಸ್ವಾಮಿ ಕೆಲಸ ಮುಗಿಸಿದ್ದರು. ಗೆದ್ದಲು ತಿಂದ ಜಂತೆ ತೆಗೆದು ಹೊಸದು ಹಾಕಿ, ತಳ ಒಡೆದ ಹಳೆಯ ಮಣ್ಣಿನ ಗುಡಾಣವೊಂದನ್ನು ತೂತಿಗೆ ಕೂರಿಸಿ, ಸುತ್ತ ಮಣ್ಣು ಮೆಟ್ಟಿ, ಮಳೆ ಬೀಳದಂತೆ ಮೇಲೊಂದು ಗಾಜು ಎತ್ತರಿಸಿ ಇಟ್ಟಿದ್ದರು. ಬಿದ್ದ ಮಣ್ಣನ್ನೇ ಮತ್ತೆ ಬಳಸಿದ್ದರು. ಗಂಗಮ್ಮನ ಕೆಮ್ಮು ಕಡಿಮೆಯಾಗಿತ್ತು. ಮಾತು ಹೆಚ್ಚಾಗಿತ್ತು.

ಹೋದ ತಿಂಗಳು ಪುಸ್ತಕ ಬಂತು. ಮೇಡಂ ತಮ್ಮ ಷರತ್ತನ್ನು ತಾವೇ ಮುರಿದು ಗಂಗಮ್ಮನ ಚಿತ್ರವನ್ನು ಎರಡು ಪುಟದ ಅಗಲಕ್ಕೆ ಹಾಕಿದ್ದರು. ಅದರ ಕೆಳಗಿನ ಬರಹ ಓದಿ ನನಗೆ ಕೂತಲ್ಲೇ ಬೆವರು ಬಂತು. ಒಲೆಗೆ ನೇರವಾಗಿಯೂ ಅಲ್ಲ, ದೂರವೂ ಅಲ್ಲ, ಸರಿಯಾಗಿ ಒಂದು ಮೊಳ ಪಕ್ಕಕ್ಕೆ ಗವಾಕ್ಷಿ ಬಿಟ್ಟಿರುವುದರಲ್ಲಿ ಗಾಳಿ, ಬೆಳಕು, ಹೊಗೆಗಳ ಬಗ್ಗೆ ಹಿರಿಯರಿಗಿದ್ದ ಆಳವಾದ ಜ್ಞಾನ ಕಾಣುತ್ತದೆ ಎಂದು ಬರೆದಿದ್ದರು. ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಮೇಡಂ ನಗಲು ಶುರು ಮಾಡಿದರು, ನಿಲ್ಲಿಸಲು ಕಷ್ಟಪಟ್ಟರು. ಮುಂದಿನ ಮುದ್ರಣದಲ್ಲಿ ತಿದ್ದೋಣ, ಆದರೆ ಜಾಗ ಮಾತ್ರ ನಿಜಕ್ಕೂ ಸರಿಯಾಗಿದೆ ಎಂದರು.

ಒಂದು ಪ್ರತಿ ಹಿಡಿದುಕೊಂಡು ಶ್ರೀರಾಂಪುರಕ್ಕೆ ಹೋಗಿ ಆ ಸಾಲುಗಳನ್ನು ಗಂಗಮ್ಮನಿಗೆ ಓದಿ ಹೇಳಿದೆ. ಅವರು ತಮ್ಮ ಚಿತ್ರದ ಮೇಲೆ ಕೈಯಾಡಿಸುತ್ತ ಗಮನವಿಟ್ಟು ಕೇಳಿದರು. ಕೇಳಿ ಮುಗಿಸಿ, ನನ್ನ ಎಡಗಾಲನ್ನೊಮ್ಮೆ ನೋಡಿದರು. "ಹಿರಿಯರು ಅಂದ್ರೆ ನೀವೇ ಏನಣ್ಣ" ಎಂದರು.

ಹೌದೆನ್ನಬೇಕಾಯಿತು. ನಲವತ್ತೆಂಟನೆಯ ವಯಸ್ಸಿಗೆ, ಎರಡೇ ಹೆಜ್ಜೆಯಲ್ಲಿ, ಅದೂ ಹಿಂದಕ್ಕೆ ಇಟ್ಟ ಹೆಜ್ಜೆಗಳಲ್ಲಿ, ನಾನು ಪೂರ್ವಿಕನಾದೆ. ತಿಪ್ಪೇಸ್ವಾಮಿಯವರ ತಮ್ಮನ ಹೆಂಡತಿ ಪಕ್ಕದ ಮನೆಯಿಂದ ಬಂದು, ನಮ್ಮ ಅಡುಗೆಮನೆಯಲ್ಲೂ ಹೊಗೆ ಬಹಳ, ಸಾರ್ ಬಿಡುವಾದಾಗ ನಮ್ಮ ಮಾಳಿಗೆಯ ಮೇಲೂ ಒಮ್ಮೆ ಫೋಟೋ ತೆಗೆಯುತ್ತಾರೇನು ಎಂದು ಗಂಗಮ್ಮನ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಬರುತ್ತೇನೆ ಎಂದಿದ್ದೇನೆ. ಹೊಸ ಕಾಲುಚೀಲ ಕೊಂಡಿದ್ದೇನೆ.