ಅಜ್ಜನ ಫಿನಾಯಿಲ್, ಚಿಕ್ಕಮ್ಮನ ಮೋರಿ

ನಮ್ಮ ಚಿಕ್ಕಮ್ಮ ಊರಿನ ಯೋಗ್ಯತೆಯನ್ನು ಅಲ್ಲಿನ ಮೋರಿಯಿಂದ ಅಳೆಯುತ್ತಾಳೆ. ಠಾಣೆಯಲ್ಲಿ ಕೆರೆ, ಕಲ್ಯಾಣದಲ್ಲಿ ಕೋಟೆ ಎಂದು ಉಳಿದವರು ಬೀಗಿದರೆ ಇವಳು, ಅದಿರಲಿ, ಸ್ಟೇಷನ್ ಹಿಂದಿನ ಗಟಾರ ನೋಡಿದ್ದೀರಾ ಎಂದು ಕೇಳಿಯಾಳು. ನೋಡಿಲ್ಲವೆಂದರೆ ನಿಮ್ಮ ಬಗ್ಗೆ ಅವಳಿಗೆ ಮರುಕ!

ಹುಚ್ಚು ಅಂದುಕೊಂಡಿರಾ? ಹುಚ್ಚೇ. ಆದರೆ ಅದಕ್ಕೆ ವಿಶ್ವವಿದ್ಯಾಲಯದ ಮೊಹರು ಇದೆ. ನವಿ ಮುಂಬಯಿಯಲ್ಲಿ ಅವಳಿದ್ದ ಸಂಶೋಧನಾ ತಂಡದ ಕೆಲಸವೆಂದರೆ ಬ್ಯಾಕ್ಟೀರಿಯಾಗಳಿಗೂ ವೈರಸ್ಸುಗಳಿಗೂ ನಡೆಯುವ ಜಗಳ ನೋಡುವುದು. ನಮ್ಮ ತಂಟೆಗೇ ಬಾರದೆ ಬರೀ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ವೈರಸ್ಸುಗಳಿವೆಯಂತೆ. ತಂಡದ ಒಬ್ಬೊಬ್ಬರಿಗೂ ಒಂದೊಂದು ಬ್ಯಾಕ್ಟೀರಿಯಾ ಪಾಲಿಗೆ ಬಂತು. ಅದರ ಯಮನನ್ನು ಕೊಳಕು ನೀರಿನಲ್ಲಿ ಹುಡುಕಬೇಕು. ಎಲ್ಲರ ಯಮರೂ ಸಿಕ್ಕರು. ಚಿಕ್ಕಮ್ಮನದು ಮಾತ್ರ ಸಕ್ಕರೆ ಕಾಯಿಲೆಯವರ ಕಾಲಹುಣ್ಣಿನಲ್ಲಿ ಬೀಡುಬಿಟ್ಟು ಯಾವ ಔಷಧಕ್ಕೂ ಜಗ್ಗದ ಮೊಂಡು ಕ್ರಿಮಿ. ಒಂದು ವೈರಸ್ಸೂ ಅದನ್ನು ಮೂಸಿ ನೋಡಲಿಲ್ಲ. ದೀಪಾವಳಿಯೊಳಗೆ ಸಿಗದಿದ್ದರೆ ಈ ವಿಷಯ ಬಿಟ್ಟು ಬೇರೆ ಹಿಡಿಯಿರಿ ಎಂದು ಗೈಡ್ ಹೇಳಿಬಿಟ್ಟರು. ವರ್ಷಗಟ್ಟಲೆ ಪಟ್ಟ ಪಾಡು ನೀರುಪಾಲು. ಅದೂ ಕೊಳಕು ನೀರಿನ ಪಾಲು!

ಅಲ್ಲಿಂದ ಅವಳು ಬಾಟಲಿ ಹಿಡಿದು ಲೋಕಲ್ ಹತ್ತಿದವಳು ಇಳಿಯಲೇ ಇಲ್ಲ ಎನ್ನಬೇಕು. ಒಮ್ಮೆ ಟಿಟ್ವಾಳಾದ ಗಟಾರದಿಂದ ನೀರು ತುಂಬಿಸಿಕೊಂಡು ಲೇಡೀಸ್ ಡಬ್ಬಿಯಲ್ಲಿ ಬರುತ್ತಿದ್ದಳು. ಬಾಟಲಿಯನ್ನು ಮಡಿಲಲ್ಲಿ ಕೂಸಿನಂತೆ ಹಿಡಿದದ್ದನ್ನು ಕಂಡು ಪಕ್ಕದ ಹೆಂಗಸು, ಟಿಟ್ವಾಳಾದಲ್ಲಿ ಗಣಪತಿ ಗುಡಿ ಇದೆಯಲ್ಲ, ಭಕ್ತಿಯಿಂದ ಅಂಗೈ ಚಾಚಿದರು.

"ತೀರ್ಥ ಆಹೇ ಕಾ?"

"ನಾಹಿ ಮಾವ್ಶಿ, ಗಟಾರಾಚಂ ಪಾಣಿ."

ಸುಳ್ಳು ಹೇಳಲು ನಮ್ಮ ಚಿಕ್ಕಮ್ಮನಿಗೆ ಬರುವುದಿಲ್ಲ. ಡೊಂಬಿವ್ಲಿ ಬರುವ ತನಕ ಇಡೀ ಬೆಂಚು ಅವಳೊಬ್ಬಳದೇ ಆಯಿತು. ಮೂವರ ಬೆಂಚಿನ ನಾಲ್ಕನೆಯ ಸೀಟಿನಲ್ಲಿ ಅರ್ಧ ಕುಂಡೆ ಊರಿ ಆಯುಷ್ಯ ಸವೆಸಿದ ನಮ್ಮಂಥವರು ಕೇಳಿ ಹೊಟ್ಟೆ ಉರಿದುಕೊಂಡೆವು.

ಕಳವಾ ಎಂಬಲ್ಲಿಂದ ಚಿಕ್ಕಮ್ಮನಿಗೆ ಒಂದು ಸಂಬಂಧ ಬಂತು. ಹುಡುಗನಿಗೆ ಬೇಲಾಪುರದಲ್ಲಿ ಆಫೀಸು. ಏನಾದರೂ ಕೇಳುವುದಿದ್ದರೆ ಕೇಳು ಎಂದರೆ ಚಿಕ್ಕಮ್ಮ ಸಂಕೋಚದಿಂದ ಕೇಳಿದ್ದು, ನಿಮ್ಮ ಬಿಲ್ಡಿಂಗಿನ ಗಟಾರ ಎಲ್ಲಿ ಸೇರುತ್ತದೆ ಎಂದು. ಮರುದಿನವೇ ಹೋದಳು. ಹುಡುಗಿ ತಾನಾಗಿ ಮನೆ ನೋಡಲು ಬಂದಳೆಂದು ಹುಡುಗನ ತಾಯಿ ಶೀರಾ ಮಾಡಿದರು. ಶೀರಾ ತಿಂದು, ಹಿಂಬದಿಗೆ ಹೋಗಿ, ಬಾಟಲಿ ತುಂಬಿಸಿಕೊಂಡು ಬಂದಳು. ವಾರದ ಮೇಲೆ ಅಜ್ಜ ಅಭಿಪ್ರಾಯ ಕೇಳಿದಾಗ, "ಜನ ಒಳ್ಳೆಯವ್ರೇ ಅಪ್ಪಾ. ಆದ್ರೆ ನೀರಲ್ಲಿ ಏನೂ ಇಲ್ಲ" ಅಂದಳು.

ಇನ್ನು ಅವಳ ಅಪ್ಪ, ಅಂದರೆ ನಮ್ಮ ಅಜ್ಜ. ಡೊಂಬಿವ್ಲಿ ಸ್ಟೇಷನ್ನಿನ ಹತ್ತಿರ ಅವರದೊಂದು ದೋಸೆ ಹೋಟೆಲು. ಬೆಳಿಗ್ಗೆ ದೇವರಿಗೆ ದೀಪ, ಮೋರಿಗೆ ಫಿನಾಯಿಲ್. ಯಾವುದು ಮೊದಲು ಎಂಬುದಷ್ಟೇ ಅವರ ಗೊಂದಲ. ಅಂಥ ಮಡಿ! ನಾನು ಹುಟ್ಟಿದಾಗ ಅಮೆ, ಅಂದರೆ ಹೆರಿಗೆಯ ಸೂತಕ, ಕಳೆದು ಮನೆ ಶುದ್ಧ ಮಾಡುವ ತನಕ ಅವರು ಚಡಪಡಿಸಿದ್ದನ್ನು ಅಜ್ಜಿ ಈಗಲೂ ಹೇಳುತ್ತಾರೆ. ಚಿಕ್ಕಮ್ಮನ ಕಣ್ಣು ಬಿದ್ದದ್ದು ಆ ಹೋಟೆಲಿನ ಹಿಂದಿನ ಮೋರಿಯ ಮೇಲೆ. ತನ್ನ ಕ್ರಿಮಿಗೂ ಅದರ ಯಮನಿಗೂ ಅದು ತವರುಮನೆ ಆಗಬೇಕಿತ್ತು, ಫಿನಾಯಿಲ್ ಒಂದು ಇಲ್ಲದಿದ್ದರೆ ಎಂದು ಅವಳ ವಾದ.

"ಕ್ರಿಮಿ ಸಾಕ್ಲಿಕ್ಕೆ ನಾನು ಹೋಟೆಲ್ ಇಟ್ಟದ್ದಲ್ಲ ಮಾರಾಯ್ತಿ."

"ಮತ್ತೆ ದೋಸೆ ಹಿಟ್ಟು ಹುಳಿ ಬರಿಸುದು ಯಾರು? ನೀವಾ?"

ಆ ದಿನವಿಡೀ ಅಜ್ಜ ಹಿಟ್ಟಿನ ಪಾತ್ರೆಯನ್ನು ಅನುಮಾನದಿಂದ ನೋಡಿದರು. ಫಿನಾಯಿಲ್ ಮಾತ್ರ ನಿಲ್ಲಿಸಲಿಲ್ಲ.

ಗಣಪತಿ ನೀರಿಗೆ ಬಿಟ್ಟ ಮರುದಿನ ಚಿಕ್ಕಮ್ಮ ಬಾಟಲಿಗಳನ್ನೆಲ್ಲ ತೊಳೆದು ಕವುಚಿ ಹಾಕಿದಳು. ಇನ್ನು ಹುಡುಕುವ ಜಾಗ ಉಳಿದಿಲ್ಲ ಎಂದಳು. ಊಟ ಬೇಡವೆಂದಳು. ಅಜ್ಜ ಎದ್ದು ಹೋಟೆಲಿಗೆ ಹೋದರು.

ಮರುದಿನದಿಂದ ಹೋಟೆಲಿನ ಗಲ್ಲೆಯ, ಅಂದರೆ ದುಡ್ಡಿನ ಮೇಜಿನ, ಮೇಲೆ ಲೋಬಾನದ ಹೊಗೆಯೋ ಹೊಗೆ! ಅದರ ಮರೆಯಲ್ಲಿ ಅಜ್ಜನ ಮುಖವೇ ಕಾಣುತ್ತಿರಲಿಲ್ಲ. ಏನು ಶೆಟ್ರೇ, ಹೋಮವೇ ಎಂದು ಗಿರಾಕಿಗಳು ಛೇಡಿಸಿದರೆ, ಸೊಳ್ಳೆ ಕಾಟ ಎನ್ನುತ್ತಿದ್ದರು. ಮೂಗು ಹಿಡಿದ ಒಬ್ಬಿಬ್ಬರು ಎದುರಿನ ಹೋಟೆಲಿಗೆ ದಾಟಿದರು. ಅಜ್ಜ ಇನ್ನೊಂದು ಹಿಡಿ ಲೋಬಾನ ಹಾಕಿದರು.

ಒಂದು ಬೆಳಿಗ್ಗೆ ಸ್ಟೇಷನ್ನಿಗೆ ಹೊರಟ ಚಿಕ್ಕಮ್ಮನಿಗೆ ಅಜ್ಜ ಅಡ್ಡ ನಿಂತರು. ಹೆಗಲ ಬೈರಾಸಿನಿಂದ ಮೂಗು ಮುಚ್ಚಿಕೊಂಡಿದ್ದರು. ಕೈಯಲ್ಲಿ ಕುದಿನೀರಲ್ಲಿ ತೊಳೆದು ಫಳಫಳ ಹೊಳೆಯುವ ಬಾಟಲಿ. ಒಳಗೆ ಮೋರಿಯ ಕಪ್ಪು ನೀರು.

"ತಗೊ. ಗಣಪತಿ ಕಳೆದ ಮೇಲೆ ಫಿನಾಯಿಲ್ ಹಾಕ್ಲಿಲ್ಲ."

ಆ ವಾರವೇ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದು ಗಲ್ಲೆಯ ಮುಂದೆ ಮೊಬೈಲು ಹಿಡಿದಳು. ಫೋಟೋದಲ್ಲಿ ಕ್ರಿಮಿಗಳು ತುಂಬಿ ಮಬ್ಬಾದ ಲ್ಯಾಬಿನ ತಟ್ಟೆ. ನಡುನಡುವೆ ಸ್ವಚ್ಛವಾದ ಪುಟ್ಟ ತೂತುಗಳು. ಒಂದೊಂದು ತೂತೂ ವೈರಸ್ಸು ಉಂಡೆದ್ದ ಜಾಗ. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ತೂತು ಚೆಂದ ಬಿದ್ದಿದೆ. ಹದ ಬಂದಿದೆ." ಕಾವಲಿಯ ಮೇಲಿನ ದೋಸೆಗೆ ಬಿಟ್ಟರೆ ಬೇರಾವುದಕ್ಕೂ ಅವರು ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ವಿಷಯ ತಿಳಿದ ಅಡುಗೆಯವನು ಸಂತೋಷದಿಂದ ಫಿನಾಯಿಲ್ ಡಬ್ಬಿ ಎತ್ತಿಕೊಂಡು ಬಂದ. ಇನ್ನು ಮೋರಿಗೆ ಹಾಕಬಹುದಲ್ಲ ಧಣಿ ಎಂದು ಕೇಳಿದ.

ಅಜ್ಜ ಮಗಳ ಮುಖ ನೋಡಿದರು.

"ಈಗ ಬೇಡ. ಅಮೆ ಕಳೀಲಿ."