ಗಾಳಿ ಮೇಷ್ಟ್ರ ಕೊನೆಯ ನಿಯಮ

‘ಗಾಳಿ ಬಂದಾಗ ಅಳೆದುಕೋ’ ಎಂದು ಹಿರಿಯರು ಹೇಳಿದ್ದಾರೆ. ‘ತೂರಿಕೋ’ ಅಲ್ಲವೇ ಎಂದು ತಕರಾರು ತೆಗೆಯುವವರು ಸ್ವಲ್ಪ ತಡೆಯಿರಿ. ತೂರಿಕೊಳ್ಳಲು ಕಾಳು ಬೇಕು. ಈ ಕತೆಯ ಓಣಿಯಲ್ಲಿದ್ದದ್ದು ಬರೀ ಮಸಿ. ಕತೆ ಮಾತ್ರ ಅಪ್ಪಟ ನಿಜ.

ಎಲ್ಲಕ್ಕೂ ಮೂಲ, ಸೋಪಿನ ಡಬ್ಬಿಯಷ್ಟಿದ್ದ ಒಂದು ಯಂತ್ರ. ಗಾಳಿಯಲ್ಲಿ ಹೊಗೆಯೆಷ್ಟು, ದೂಳೆಷ್ಟು ಎಂದು ನಿಮಿಷನಿಮಿಷಕ್ಕೂ ಬರೆದಿಟ್ಟುಕೊಳ್ಳುವಂಥದು. ಅದನ್ನು ಹಿಡಿದು ಬಂದ ಸಂಶೋಧಕರಿಗೆ ಓಣಿ ‘ಗಾಳಿ ಮೇಷ್ಟ್ರು’ ಎಂದು ಹೆಸರಿಟ್ಟಿತು. ಅವರಿಗಿಂತ ಮೊದಲು ಮೂವರು ಬಂದು ಅಳೆದುಕೊಂಡು ಹೋಗಿದ್ದರು. ಏನು ಸಿಕ್ಕಿತೆಂದು ಹೇಳಲು ಒಬ್ಬರೂ ತಿರುಗಿ ಬಂದಿರಲಿಲ್ಲ. “ಅವರಿಗೆ ಡಾಕ್ಟರ್ ಪದವಿ ಬಂತು, ನಮಗೆ ಡಾಕ್ಟರ್ ಚೀಟಿ ಬಂತು,” ಎನ್ನುತ್ತಿದ್ದ ಓಣಿಯ ಹಿರಿಯ, ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜ. ಆ ಮೂವರ ದನಿಯನ್ನೂ ಅಣಕಿಸಿ ತೋರಿಸುತ್ತಿದ್ದ. ಹೀಗಾಗಿ ಈ ನಾಲ್ಕನೆಯವರಿಗೆ ಓಣಿ ಕೊಟ್ಟದ್ದು ಒಂದೇ ದಿನ. ಸಂಜೆಯ ಸಭೆಗೆ ಒಪ್ಪಿಗೆಯಾದರೆ ವರ್ಷವಿಡೀ ಅಳೆಯಬಹುದು; ಇಲ್ಲದಿದ್ದರೆ ಗಂಟುಮೂಟೆ.

ಬೆಳಿಗ್ಗೆ ಮೇಷ್ಟ್ರು ನಲ್ಲಿಯ ಬಳಿ ನಿಂತು ನ್ಯಾಯವಾದ ಸಂಶೋಧನೆಯ ನಿಯಮಗಳನ್ನು ಓದಿದರು. ಕೇಳದೆ ಅಳೆಯುವಂತಿಲ್ಲ, ಅಳೆದದ್ದನ್ನು ಮೊದಲು ಓಣಿಗೇ ತೋರಿಸಬೇಕು, ಇತ್ಯಾದಿ. ಕೊನೆಯದರ ಬಗ್ಗೆ ಅವರಿಗೆ ವಿಶೇಷ ಹೆಮ್ಮೆ: ಯಂತ್ರ ಎಲ್ಲಿಡಬೇಕೆಂದು ಓಣಿಯೇ ತೀರ್ಮಾನಿಸಬೇಕು, ಸಂಜೆಯವರೆಗೆ ಮೇಷ್ಟ್ರು ಕೇಳುವಂತಿಲ್ಲ, ಓಣಿ ಹೇಳುವಂತಿಲ್ಲ. ಯಂತ್ರವನ್ನು ಅಜ್ಜನ ಕೈಗಿತ್ತು, ಮಗಳನ್ನು ಧಾರೆಯೆರೆದ ತಂದೆಯಂತೆ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಟೈಲರ್ ಅಕ್ಕ ಅವರ ಹೆಗಲಚೀಲದ ಪಟ್ಟಿ ಕಿತ್ತುಬಂದಿದ್ದನ್ನು ನೋಡಿ, ಬೇಡವೆಂದರೂ ಕಿತ್ತುಕೊಂಡು ಹೋಗಿ, ಹತ್ತು ನಿಮಿಷದಲ್ಲಿ ಹೊಲಿದು ತಂದಳು. ಕಾಸು ತೆಗೆದುಕೊಳ್ಳಲಿಲ್ಲ. ಇದೇ ಅಲ್ಲವೇ ಸಮುದಾಯದ ಸಹಭಾಗಿತ್ವ ಎಂದು ಮೇಷ್ಟ್ರು ಡೈರಿಯಲ್ಲಿ ಬರೆದುಕೊಂಡರು.

ಹನ್ನೊಂದಾಗುವಷ್ಟರಲ್ಲಿ ಕುತೂಹಲ ತಡೆಯಲಾರದೆ ಮನೆಗಳ ಸೂರಿನತ್ತ ಕತ್ತು ಚಾಚಿದರು. ಕಿಟಕಿಯ ಸಂದಿಗಳಲ್ಲಿ ಹಣಕಿದರು. ಕೋಳಿಗೂಡಿನೊಳಗೆ ತಲೆ ಹಾಕಿದ್ದಾಗ ಹಿಂದಿನಿಂದ ಅಜ್ಜ ಮೆತ್ತಗೆ, ನಿಯಮವೇನಾದರೂ ಬಿದ್ದುಹೋಯಿತೇ ಎಂದು ವಿಚಾರಿಸಿದ. ಪೆನ್ನು ಹುಡುಕುತ್ತಿದ್ದೆ ಎಂದರು ಮೇಷ್ಟ್ರು. ಪೆನ್ನು ಕಿವಿಯ ಮೇಲೇ ಇತ್ತು. ಇನ್ನು ಇಲ್ಲಿದ್ದರೆ ಮಾನ ಉಳಿಯದೆಂದು, ಎರಡು ಬೀದಿಯಾಚೆಯ ತಮ್ಮ ಬಾಡಿಗೆ ಕೋಣೆಗೆ ನಡೆದರು. ಆಲೂಗೆಡ್ಡೆ ಹುರಿಯಲು ಒಲೆಯ ಮೇಲಿಟ್ಟು ಸಂಜೆಯ ಭಾಷಣ ಬರೆಯಲು ಕುಳಿತರು. ‘ಉಸಿರಾಡುವ ಹಕ್ಕು’ ಎಂಬ ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಕೋಣೆಯಲ್ಲಿ ಉಸಿರಾಡುವಂತಿರಲಿಲ್ಲ. ಕರಕಲಾದ ಬಾಣಲೆಯನ್ನು ಮಂಚದ ಕೆಳಗೆ ತಳ್ಳಿ, ಬಾಳೆಹಣ್ಣು ತಿಂದು ಎದ್ದರು.

ಸಂಜೆ ಓಣಿಗೆ ಓಣಿಯೇ ನೆರೆದಿತ್ತು. ಓಣಿಯ ಮಸಿಗೆ ಕಾರಣವೆಂದು ಎಲ್ಲರೂ ಅನುಮಾನಿಸುತ್ತಿದ್ದ ಬಾಯ್ಲರ್ ಇಟ್ಟುಕೊಂಡಿದ್ದ ಲಾಂಡ್ರಿ ಮಾಲೀಕನೂ ಬಂದಿದ್ದ. ಮೇಷ್ಟ್ರು ಮೊಬೈಲ್ ತೆರೆದರೆ, ಎಲ್ಲೋ ಇರುವ ಯಂತ್ರದ ಸಿಗ್ನಲ್ ಪಕ್ಕದಲ್ಲೇ ಇದ್ದಂತೆ ಥಟ್ಟನೆ ಸಿಕ್ಕಿತು. ಪರದೆಯ ಮೇಲಿನ ಗೆರೆ ಸಾಧುವಾಗಿ ತೆವಳುತ್ತ ಬಂದು, ಮಧ್ಯಾಹ್ನ ಒಂದೂ ಹತ್ತಕ್ಕೆ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ನೆಗೆದಿತ್ತು.

“ನೋಡಿ,” ಎಂದು ಮೇಷ್ಟ್ರು ಲಾಂಡ್ರಿ ಮಾಲೀಕನತ್ತ ಬೆರಳು ಚಾಚಿದರು. “ನನ್ನ ಜೀವಮಾನದಲ್ಲೇ ಇಷ್ಟು ಕೆಟ್ಟ ಗಾಳಿ ನೋಡಿಲ್ಲ. ಇದನ್ನ ಮಾಡಿದವರಿಗೆ ಮನುಷ್ಯತ್ವ ಇದೆಯಾ?”

“ಬಾಯ್ಲರ್ ಇವತ್ತು ಕೆಟ್ಟು ಕೂತಿದೆ ಸ್ವಾಮಿ,” ಎಂದ ಮಾಲೀಕ. “ಬೇರೆ ದಿನ ಕೇಳಿ, ಒಪ್ಕೋತೀನಿ.”

ಅಜ್ಜ ಗಂಟಲು ಸರಿಮಾಡಿಕೊಂಡು, ಒಂದೂ ಹತ್ತಕ್ಕೆ ತಾವೆಲ್ಲಿದ್ದಿರಿ ಎಂದು ಮೇಷ್ಟ್ರನ್ನೇ ಕೇಳಿದ. ಟೈಲರ್ ಅಕ್ಕ ಬಂದು ಅವರ ಹೆಗಲಚೀಲ ತಿರುಗಿಸಿದಳು. ಹೊಸ ಪಟ್ಟಿಯ ಕೆಳಗೆ ಬಲೆಬಟ್ಟೆಯ ಪುಟ್ಟ ಜೇಬು, ಜೇಬಿನೊಳಗೆ ಯಂತ್ರ.

“ಎಲ್ಲಿಡೋದು ಅಂತ ಬೆಳಿಗ್ಗೇನೇ ಓಟು ಹಾಕಿದ್ವಿ ಮೇಷ್ಟ್ರೇ. ಒಂದು ಓಟೂ ಬೇರೆ ಕಡೆ ಬೀಳ್ಲಿಲ್ಲ. ಏನು ಸೀದು ಹೋಗಿದ್ದು?” ಎಂದಳು.

“ಆಲೂಗೆಡ್ಡೆ,” ಎಂದರು ಮೇಷ್ಟ್ರು, ಇಂಗು ತಿಂದ ಮಂಗನಂತೆ. “ಅಲ್ಲಾ, ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲ?”

“ಆ ಮೂವರು ನಮ್ಮನ್ನ ಕೇಳಿದ್ರಾ?” ಎಂದ ಅಜ್ಜ. “ಹೇಗಿರುತ್ತೆ ಅಂತ ನಿಮಗೂ ಗೊತ್ತಾಗಲಿ ಅಂತ.”

ಓಣಿ ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡಿತು. ಪರೀಕ್ಷೆಯಿದ್ದದ್ದು ಗಾಳಿಗಲ್ಲ. ಮೇಷ್ಟ್ರ ಮುಖ ಕೆಂಪಾಯಿತು, ಮೂಗು ಅರಳಿತು. ಆಮೇಲೆ ಮೆಲ್ಲಗೆ, “ಗೊತ್ತಾಯ್ತು ಅಜ್ಜ,” ಎಂದರು.

ವರ್ಷವಿಡೀ ಇರಿ ಎಂದು ಅಲ್ಲೇ ತೀರ್ಮಾನವಾಯಿತು. ಆದರೆ ಈವರೆಗೆ ಸಿಕ್ಕ ಅತಿ ಕೆಟ್ಟ ಗಾಳಿ ಮೇಷ್ಟ್ರದೇ ಆದ್ದರಿಂದ ಸಂಶೋಧನೆ ಅವರ ಒಲೆಯಿಂದಲೇ ಶುರು. ಓಣಿಯವರು ಸರದಿಯ ಮೇಲೆ ದಿನಕ್ಕೆ ಮೂರು ಸಲ ಬಂದು ಬರೆದುಕೊಳ್ಳುತ್ತಾರೆ. ಈ ಸಲ ಕೇಳಿಯೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೇ. ಮೇಷ್ಟ್ರೇ ಅಚ್ಚು ಹಾಕಿಸಿದ್ದ ನಲವತ್ತು ಪ್ರಶ್ನೆಗಳ ಹಾಳೆಯನ್ನು ಲಾಂಡ್ರಿ ಮಾಲೀಕ ಕೈಗೆತ್ತಿಕೊಂಡು, ಕನ್ನಡಕ ಏರಿಸಿ, ಮೇಷ್ಟ್ರ ದನಿಯಲ್ಲೇ ಓದಿದ:

“ಮನೇಲಿ ಅಡುಗೆ ಮಾಡೋರು ಯಾರು? ಅವರಿಗೆ ಅಡುಗೆ ಬರುತ್ತಾ?”

ಎರಡನೆಯ ಪ್ರಶ್ನೆ ಹಾಳೆಯಲ್ಲಿರಲಿಲ್ಲ. ಓಣಿ ಗೊಳ್ಳೆಂದಿತು. ಎಲ್ಲರ ನಗು ಅಡಗಿದ ಮೇಲೂ ಒಬ್ಬರು ಮಾತ್ರ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಲೇ ಇದ್ದರು. ಆ ನಗುವಿನಲ್ಲೇ ಒಪ್ಪಿಗೆ ಪತ್ರದ ಮೇಲೆ ಮೇಷ್ಟ್ರ ಸಹಿ ಅಂಕುಡೊಂಕಾಗಿ ಕೊನೆಯ ಸಾಲು ದಾಟಿ ಹೋಯಿತು.